ಮನೆಯವರಿಗೆ ಹೇಳದೆ ಸ್ಪಾನ್ಸರ್ ಮಾಡಬಹುದೇ?

ಮಿತ್ರರೇ,

ಕೆನಡಾಕ್ಕೆ ಬಂದು ಎಂಟು ತಿಂಗಳಾಗಿದೆ, ಪಿಆರ್ (ಕಾಯಂ ನಿವಾಸಿ) ಕಾರ್ಡ್ ಕೈಸೇರಿದೆ, ಎರಡು ವರ್ಷಗಳ ಹಿಂದೆ ಆನ್‌ಲೈನ್‌ನಲ್ಲಿ ಪರಿಚಯವಾದ ಫಿಲಿಪೀನ್ಸ್‌ನ ಹುಡುಗಿಯನ್ನು ಮದುವೆಯಾಗಿ ಸ್ಪಾನ್ಸರ್ ಮಾಡಿ, ಎಂದರೆ ಆಕೆಯ ಹೊಣೆ ಹೊತ್ತು, ಕರೆತರಬೇಕೆಂದಿದ್ದೀರಿ. ಹಾಸನದಲ್ಲಿರುವ ತಂದೆತಾಯಿಗೆ ಆಕೆ ಇಲ್ಲಿಗೆ ಬಂದ ಮೇಲೆ ತಿಳಿಸಿದರೆ ಸಾಲದೇ ಎಂದು ಕೇಳಿದ್ದೀರಿ. ನಾನೂ ಇದೇ ದಾರಿಯಲ್ಲಿ ನಡೆದವನು. ನನ್ನ ಹೆಂಡತಿಯೂ ಫಿಲಿಪೀನ್ಸ್‌ನವಳೇ, ಇಲೋಯ್ಲೋ ಊರಿನವಳು.

ತಂದೆತಾಯಿಯ ಒಪ್ಪಿಗೆಯನ್ನು ಕೆನಡಾ ಸರ್ಕಾರ ಕೇಳುವುದಿಲ್ಲ. ಆದರೆ ಅರ್ಜಿಯ ಜೊತೆ ತುಂಬಿಕೊಡಬೇಕಾದ ಐಎಂಎಂ 5532 ಎಂಬ ನಮೂನೆಯಲ್ಲಿ ಮೊದಲು ಭೇಟಿಯಾದದ್ದು ಎಲ್ಲಿ, ಮನೆಯವರಲ್ಲಿ ಯಾರು ಯಾರನ್ನು ಕಂಡಿದ್ದಾರೆ, ಮದುವೆಗೆ ಯಾರೆಲ್ಲ ಬಂದಿದ್ದರು ಎಂಬುದನ್ನೆಲ್ಲ ಬರೆಯಬೇಕಾಗುತ್ತದೆ. ನಮ್ಮ ಕಡೆಯ ಮದುವೆ ಹೇಗಿರುತ್ತದೆ ಎಂಬುದು ಅದನ್ನು ಓದುವ ಅಧಿಕಾರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಹುಡುಗನ ಕಡೆಯವರು ಒಬ್ಬರೂ ಇಲ್ಲದ ಫೋಟೊ ಕಂಡರೆ, ಇದು ವೀಸಾಕ್ಕಾಗಿ ಹೂಡಿದ ಮದುವೆಯೋ ಏನೋ ಎಂಬ ಅನುಮಾನ ಹುಟ್ಟುತ್ತದೆ. ಅದನ್ನು ನಿವಾರಿಸುವ ಹೊಣೆ ಅರ್ಜಿದಾರರದೇ.

ನಾನು ಮೊದಲು ನಂಬಿದ ಏಜೆಂಟರೊಬ್ಬರು ನಮ್ಮಿಬ್ಬರ ಚಾಟನ್ನು ಸಾಕ್ಷಿಗೆಂದು ಇಡಿಯಾಗಿ ಪ್ರಿಂಟ್ ತೆಗೆಸಲು ಹೇಳಿ, ಆರುನೂರು ಪುಟಗಳಿಗೆ ಹಣ ಸುಲಿದರು. ತಿರುವಿ ನೋಡಿದರೆ ಅದರಲ್ಲಿ ಅರ್ಧದಷ್ಟು 'ಊಟ ಆಯ್ತಾ' ಎಂಬುದೇ. (ಅವರಲ್ಲಿಯೂ 'ಕುಮಾಯಿನ್ ಕಾ ನಾ' ಎಂದು ಕೇಳುವುದು ನಮ್ಮಷ್ಟೇ ವಾಡಿಕೆ.) ಮನಿಲಾದಲ್ಲಿ ಕೆನಡಾದ ವೀಸಾ ಅಧಿಕಾರಿ ಆಕೆಯನ್ನು ಸಂದರ್ಶಿಸಿದಾಗ ಆ ಕಟ್ಟನ್ನು ಯಾರೂ ಬಿಚ್ಚಲಿಲ್ಲ. ಅಧಿಕಾರಿ ಎತ್ತಿಕೊಂಡದ್ದು ಒಂದೇ ಫೋಟೊ: ಮದುವೆಗೆ ಮುಂಚೆ ಆಕೆ ನಮ್ಮೂರಿಗೆ ಬಂದಿದ್ದಾಗ, ಅಡುಗೆಮನೆಯಲ್ಲಿ ಅಮ್ಮನ ಪಕ್ಕದಲ್ಲಿ ಕುಳಿತು ಬಾಳೆ ಎಲೆಯ ಮೇಲೆ ಅಕ್ಕಿರೊಟ್ಟಿ ತಟ್ಟುತ್ತಿರುವುದು. ಈ ಹೆಂಗಸು ಯಾರು, ನಿಮ್ಮಿಬ್ಬರ ನಡುವೆ ಯಾವ ಭಾಷೆಯಲ್ಲಿ ಮಾತು ನಡೆಯಿತು ಎಂದು ಅವರು ಕೇಳಿದರಂತೆ. ಭಾಷೆ ಇರಲಿಲ್ಲ, ರೊಟ್ಟಿ ಹರಿದಾಗಲೆಲ್ಲ ಅತ್ತೆ ನನ್ನ ಕೈ ಹಿಡಿದು ತಿದ್ದುತ್ತಿದ್ದರು ಎಂದು ಆಕೆ ಹೇಳಿದ ಮೇಲೆ, ಸಂದರ್ಶನ ಹೆಚ್ಚು ಹೊತ್ತು ನಡೆಯಲಿಲ್ಲ.

ಇನ್ನು ಕ್ರಮದ ವಿಚಾರ. ಅಮೆರಿಕದಲ್ಲಿರುವಂತೆ ಮದುವೆಗೆ ಮುಂಚೆಯೇ ಕರೆತರುವ ಫಿಯಾನ್ಸೆ ವೀಸಾ ಇಲ್ಲಿಲ್ಲ. ಸಾಮಾನ್ಯವಾಗಿ ಮದುವೆಯಾಗಿರಬೇಕು, ಇಲ್ಲವೇ ಕನಿಷ್ಠ 12 ತಿಂಗಳು ಸತತವಾಗಿ ಒಂದೇ ಮನೆಯಲ್ಲಿ ಬಾಳಿರಬೇಕು. ಎರಡನೆಯದು ನಿಮಗೆ ಸದ್ಯಕ್ಕೆ ಆಗದ ಮಾತು. ವಿಡಿಯೊ ಕರೆಯಲ್ಲಿ ಮದುವೆಯಾಗಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಇಬ್ಬರೂ ಖುದ್ದಾಗಿ ಹಾಜರಿಲ್ಲದ ಮದುವೆಯನ್ನು 2015ರಿಂದ ವಲಸೆಯ ಉದ್ದೇಶಕ್ಕೆ ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ, ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ಮತ್ತೆ 30 ದಿನ ಕಾಯಬೇಕು. ಹೊಸ ಕೆಲಸದಲ್ಲಿರುವ ನಿಮಗೆ ಅಷ್ಟು ರಜೆ ಸಿಗುವುದು ಕಷ್ಟ. ಫಿಲಿಪೀನ್ಸ್‌ನಲ್ಲಾದರೆ, ನಿಮಗೆ ಮದುವೆಯಾಗಲು ಕಾನೂನಿನ ಅಡ್ಡಿಯಿಲ್ಲ ಎಂಬ ಪತ್ರವನ್ನು ಮನಿಲಾದ ಭಾರತೀಯ ರಾಯಭಾರ ಕಚೇರಿಯಿಂದ ಪಡೆದು ಮದುವೆಯ ಪರವಾನಗಿಗೆ ಅರ್ಜಿ ಹಾಕಬೇಕು. ಆ ಅರ್ಜಿಯನ್ನು 10 ದಿನ ಪ್ರಕಟಿಸಿದ ನಂತರ ಸಿಗುವ ಪರವಾನಗಿ 120 ದಿನ ನಡೆಯುತ್ತದೆ. ಆಕೆಗೆ ಹಿಂದೆ ಮದುವೆಯಾಗಿತ್ತೇ ಎಂಬುದನ್ನು ಸಂಕೋಚಪಡದೆ ಕೇಳಿಕೊಳ್ಳಿ. ಮುಸ್ಲಿಮರನ್ನು ಬಿಟ್ಟರೆ ಅಲ್ಲಿನವರಿಗೆ ವಿಚ್ಛೇದನದ ಕಾನೂನೇ ಇಲ್ಲ. ವರ್ಷಗಟ್ಟಲೆ ಬೇರೆ ಇದ್ದರೂ ಕಾಗದದಲ್ಲಿ ಗಂಡ ಗಂಡನೇ. ಮದುವೆಯ ನಂತರ ವಿದೇಶಿ ಗಂಡನ ಬಳಿಗೆ ವಲಸೆ ಹೊರಡುವವರಿಗೆ ಅಲ್ಲಿನ ಸರ್ಕಾರವೇ ಸಮಾಲೋಚನೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಅದಿಲ್ಲದೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಪಿಆರ್ ಆಗಿರುವಷ್ಟು ಕಾಲ ಸ್ಪಾನ್ಸರ್ ಮಾಡಲು ನೀವು ಕೆನಡಾದಲ್ಲಿಯೇ ವಾಸವಾಗಿರಬೇಕು. ಅರ್ಜಿ ಹಾಕಿ ಹಾಸನದಲ್ಲಿ ಕುಳಿತು ಕಾಯುವಂತಿಲ್ಲ. ಸಾಮಾನ್ಯವಾಗಿ ಹೆಂಡತಿಯನ್ನು ಕರೆತರಲು ಇಂತಿಷ್ಟೇ ಆದಾಯವಿರಬೇಕೆಂಬ ನಿಯಮವಿಲ್ಲ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಆಕೆ ಪಿಆರ್ ಆದ ದಿನದಿಂದ 3 ವರ್ಷ ಆಕೆಯ ಅನ್ನ, ಬಟ್ಟೆ, ವಸತಿಯ ಹೊಣೆ ಹೊರುತ್ತೇನೆಂದು ನೀವು ಸಹಿ ಹಾಕುತ್ತೀರಿ; ನಡುವೆ ಕೆಲಸ ಹೋದರೂ, ವಿಚ್ಛೇದನವೇ ಆದರೂ ಆ ಹೊಣೆ ತಪ್ಪುವುದಿಲ್ಲ, ಆಕೆ ಸರ್ಕಾರದ ಸಹಾಯಧನ ಪಡೆದರೆ ಅದನ್ನು ನೀವು ತೀರಿಸಬೇಕಾಗುತ್ತದೆ. ನಮ್ಮ ಕಾಲದಲ್ಲಿ ಇದರ ಮೇಲೆ, ಹೊಸದಾಗಿ ಮದುವೆಯಾಗಿ ಬಂದವರು ಎರಡು ವರ್ಷ ಒಟ್ಟಿಗೆ ಬಾಳದಿದ್ದರೆ ಪಿಆರ್ ಕಳೆದುಕೊಳ್ಳಬಹುದೆಂಬ ಷರತ್ತೂ ಇತ್ತು. ಹೊಡೆತ ತಿನ್ನುವ ಹೆಂಗಸರನ್ನು ಮನೆಯಲ್ಲಿಯೇ ಕಟ್ಟಿಹಾಕುತ್ತಿದ್ದ ಆ ಷರತ್ತನ್ನು 2017ರಲ್ಲಿ ತೆಗೆದುಹಾಕಿದ್ದು ಒಳ್ಳೆಯದೇ ಆಯಿತು.

ನಿಮ್ಮ ಪ್ರಶ್ನೆಗೆ ಮರಳುವುದಾದರೆ, ನನ್ನ ಅಪ್ಪ ಆರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು. ಆ ಆರು ತಿಂಗಳು ನಾನು ಮದುವೆಯ ದಿನ ಗೊತ್ತುಮಾಡದೆ ಕಾದೆ. ನೀವು ಮೊದಲು ತಾಯಿಗೆ ತಿಳಿಸಿ, ಒಂದು ಭಾನುವಾರ ವಿಡಿಯೊ ಕರೆಯಲ್ಲಿ ಇಬ್ಬರನ್ನೂ ಕೂರಿಸಿ. ಅವರು ಒಪ್ಪದೇ ಹೋದರೆ ಆ ಸಂಗತಿಯನ್ನೂ ನಮೂನೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ. ಅಣ್ಣನೋ ಅತ್ತಿಗೆಯೋ ಒಬ್ಬರಾದರೂ ಮದುವೆಗೆಂದು ನಿಮ್ಮ ಜೊತೆ ವಿಮಾನ ಹತ್ತುವುದಾದರೆ ಅವರ ಬೋರ್ಡಿಂಗ್ ಪಾಸನ್ನು ಎಸೆಯದೆ ಎತ್ತಿಡಿ.