ರೇಡಿಯೇಟರ್ ಫ್ಯಾನ್ ಮುರಿದ ಯುಟಿವಿ: ಜಮಖಂಡಿ ಅಣ್ಣನವರಿಗೆ ಉತ್ತರ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ, ಫೋಟೋನೂ ನೋಡಿದೆ. ಈಗ ಓದುತ್ತಿರುವವರಿಗೆ ಒಂದೆರಡು ಮಾತಿನಲ್ಲಿ ವಿಷಯ ಹೇಳಿಬಿಡುತ್ತೇನೆ. ಜಮಖಂಡಿ ಕಡೆಯ ಈ ಅಣ್ಣನವರು ಕಬ್ಬಿನ ತೋಟಕ್ಕೆ ಅಂತ ಒಂದು ಹಳೆಯ ಯುಟಿವಿ ತಗೊಂಡಿದ್ದಾರೆ, ಮುಂದೆ ಎರಡು ಸೀಟು, ಹಿಂದೆ ಸಾಮಾನಿಗೆ ಸಣ್ಣ ಡಬ್ಬಿ ಇರುವ, ಹೊಲದಲ್ಲಿ ಓಡಿಸುವ ನಾಲ್ಕು ಗಾಲಿಯ ಗಾಡಿ. ಕಬ್ಬು ಕಡಿದ ಹೊಲದಲ್ಲಿ ರವದಿ (ಕಬ್ಬಿನ ಒಣ ಎಲೆ) ಮೇಲೆ ಹೋಗುವಾಗ ಕಟ್ಟಿಗೆ ಸಿಕ್ಕು ರೇಡಿಯೇಟರ್ ಫ್ಯಾನಿನ ಏಳು ಬ್ಲೇಡುಗಳಲ್ಲಿ ಎರಡು ಮುರಿದಿವೆ. ಫ್ಯಾನ್ ತಿರುಗುತ್ತದೆ, ಆದರೆ ಗಡಗಡ ಸದ್ದು, ಸ್ವಲ್ಪ ಹೊತ್ತಿಗೇ ಟೆಂಪರೇಚರ್ ಲೈಟ್ ಬರುತ್ತದೆ. ಇಲ್ಲಿ ಒಬ್ಬರು ಆರಾಲ್ಡೈಟ್ ಅಂಟು ಹಚ್ಚಿ ಅಂದರು, ಇನ್ನೊಬ್ಬರು ಫ್ಯಾನ್ ಬಿಚ್ಚಿಟ್ಟು ಬೆಳಿಗ್ಗೆ ತಂಪಿನಲ್ಲಿ ಓಡಿಸಿ ಅಂದರು, ಮತ್ತೊಬ್ಬರು ಬ್ಯಾಟರಿಯಿಂದ ನೇರ ಸ್ವಿಚ್ ಕೊಡಿ ಅಂದರು.

ನಾನು ತಿಕೋಟಾ ಕಡೆಯ ದ್ರಾಕ್ಷಿ ತೋಟದವನು. ಇಂಥದ್ದೇ ಗಾಡಿಯಲ್ಲಿ ಔಷಧಿ ಟ್ಯಾಂಕ್ ಇಟ್ಟುಕೊಂಡು ಸಾಲುಗಳಲ್ಲಿ ಓಡಾಡುತ್ತೇನೆ, ರಿಪೇರಿನೂ ಆದಷ್ಟು ನಾನೇ ಮಾಡುತ್ತೇನೆ. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಫ್ಯಾನ್ ಬಿಚ್ಚಿ ಓಡಿಸುವ ಮಾತು. ದಯವಿಟ್ಟು ಬೇಡ. ರಸ್ತೆ ಮೇಲೆ 50, 60ರ ವೇಗದಲ್ಲಿ ಹೋಗುವ ಗಾಡಿಗೆ ಎದುರಿನ ಗಾಳಿಯೇ ಸಾಕಾಗಬಹುದು. ನಮ್ಮ ಗಾಡಿ ಹಾಗಲ್ಲ. ಹೊಲದಲ್ಲಿ ಮನುಷ್ಯ ನಡೆಯುವ ವೇಗ, ಮೇಲೆ ಭಾರ, ಲೋ ಗೇರು. ಎದುರಿನಿಂದ ಗಾಳಿ ಬರುವುದೇ ಇಲ್ಲ, ರೇಡಿಯೇಟರಿಗೆ ಗಾಳಿ ಎಳೆದುಕೊಡುವುದು ಫ್ಯಾನ್ ಒಂದೇ. ಬೆಳಿಗ್ಗೆ ಆದರೂ ಅಷ್ಟೇ, ಸಂಜೆ ಆದರೂ ಅಷ್ಟೇ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವಾಗಂತೂ ಕೇಳಲೇಬೇಡಿ. ಈ ಎಂಜಿನ್‌ಗಳ ಹೆಡ್ ಅಲ್ಯೂಮಿನಿಯಂ. ಒಮ್ಮೆ ಸರಿಯಾಗಿ ಕಾದರೆ ಹೆಡ್ ಸೊಟ್ಟ ಆಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಆಮೇಲೆ ಫ್ಯಾನಿನ ಖರ್ಚು ಏನೂ ಅಲ್ಲ ಅನಿಸುತ್ತದೆ. ಲೈಟ್ ಬಂದ ಮೇಲೂ ಮನೆ ತನಕ ಹೋಗೋಣ ಅಂತ ಓಡಿಸಬೇಡಿ, ಅಲ್ಲೇ ನೆರಳಿಗೆ ನಿಲ್ಲಿಸಿ.

ಆರಾಲ್ಡೈಟ್ ಕೂಡ ಬೇಡ. ಬ್ಲೇಡ್ ಪಾಲಿಪ್ರೊಪಿಲಿನ್ ಆಗಿದ್ದರೆ ಅದಕ್ಕೆ ಇಂಥ ಸಾಮಾನ್ಯ ಅಂಟು ನಿಲ್ಲುವುದಿಲ್ಲ. ನೈಲಾನ್ ಆಗಿದ್ದರೆ ಕೈಯಲ್ಲಿ ಎಳೆದಾಗ ಗಟ್ಟಿ ಇದೆ ಅನಿಸಬಹುದು, ಆದರೆ ಫ್ಯಾನ್ ತಿರುಗುವುದು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಮೇಲೆ. ಆ ವೇಗದಲ್ಲಿ ಅಂಟಿಸಿದ ತುಂಡು ಕಿತ್ತು ಹಾರಿದರೆ ನೇರ ರೇಡಿಯೇಟರಿಗೇ ಹೊಡೆಯುತ್ತದೆ. ಮುರಿದ ಬ್ಲೇಡಿನ ಎದುರಿನದನ್ನೂ ಅಷ್ಟೇ ಕತ್ತರಿಸಿ ತೂಕ ಸರಿ ಮಾಡುವ ಪದ್ಧತಿ ಇದೆ, ಕೆಲವು ಮೇಸ್ತ್ರಿಗಳು ಮಾಡುತ್ತಾರೆ, ದಾರಿಯಲ್ಲಿ ಸಿಕ್ಕಿಕೊಂಡಾಗ ಊರು ಮುಟ್ಟಲು ನಡೆಯುತ್ತದೆ. ಆದರೆ ಅದು ಆರು, ಎಂಟು ಬ್ಲೇಡ್ ಇರುವ ಫ್ಯಾನಿಗೆ ಮಾತ್ರ. ನಿಮ್ಮದು ಏಳು ಬ್ಲೇಡ್. ಯಾವ ಬ್ಲೇಡಿಗೂ ಸರಿ ಎದುರಿಗೆ ಇನ್ನೊಂದು ಇಲ್ಲ, ಹಾಗೆ ಎದುರಿನದನ್ನು ಕತ್ತರಿಸಿ ತೂಕ ಕೂಡಿಸಲು ಆಗುವುದಿಲ್ಲ. ಈಗ ನೀವು ಕೇಳುತ್ತಿರುವ ಗಡಗಡ ಸದ್ದು ಇದೇ ಅಸಮತೋಲನದ್ದು. ಹಾಗೇ ಬಿಟ್ಟರೆ ಮೊದಲು ಮೋಟಾರಿನ ಶಾಫ್ಟ್ ಹಿಡಿದಿರುವ ಬುಶ್ ಹೋಗುತ್ತದೆ, ಆಮೇಲೆ ಫ್ಯಾನ್ ಕೂಡಿಸಿದ ಕಿವಿಗಳು ಬಿರಿಯುತ್ತವೆ. ಅದಕ್ಕೇ ಇವತ್ತೇ ಫ್ಯಾನಿನ ವೈರ್ ಕೂಡುವ ಕಪ್ಲರ್ ತೆಗೆದುಬಿಡಿ, ಗಾಡಿ ನಿಲ್ಲಿಸಿ.

ಈಗ ಮುಖ್ಯ ಮಾತು. ಹೊಸ ಫ್ಯಾನ್ ಹುಡುಕುವ ಮುಂಚೆ, ಇದು ಯಾಕೆ ಮುರಿಯಿತು ಅಂತ ನೋಡಿ. ಕಟ್ಟಿಗೆ ಸಿಕ್ಕಿತು ಅಂದಿರಿ, ಸರಿ. ಆದರೆ ಕಟ್ಟಿಗೆ ಒಳಗೆ ಹೋಗಲು ದಾರಿ ಎಲ್ಲಿತ್ತು? ಕೆಳಗಿನ ಪ್ಲೇಟ್ ಬಿಚ್ಚಿ ಹೋಗಿದೆಯಾ? ಮುಂದಿನ ಜಾಲರಿ ಹರಿದಿದೆಯಾ? ಇಲ್ಲ ರೇಡಿಯೇಟರ್ ಕೂತಿರುವ ರಬ್ಬರ್ ಸವೆದು, ಇಡೀ ರೇಡಿಯೇಟರ್ ಅಲ್ಲಾಡಿ ಫ್ಯಾನಿಗೆ ತಾಗುತ್ತಿತ್ತಾ? ಹಳೆಯ ಗಾಡಿಗಳಲ್ಲಿ ಈ ಕೊನೆಯದೂ ಇರಬಹುದು. ರೇಡಿಯೇಟರನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಲಟಲಟ ಅಂದರೆ ರಬ್ಬರ್ ಬುಶ್ ಹೋಗಿದೆ. ರೇಡಿಯೇಟರಿನ ಫಿನ್ (ತೆಳು ತಗಡಿನ ಪಟ್ಟಿಗಳು) ಮೇಲೆ ಉಂಗುರದ ಹಾಗೆ ಉಜ್ಜಿದ ಗುರುತು ಇದ್ದರೆ ಬ್ಲೇಡ್ ಬಹಳ ದಿನದಿಂದ ತಾಗುತ್ತಿತ್ತು ಅಂತ ಅರ್ಥ. ಒಂದೇ ಕಡೆ ಗುದ್ದಿದ ಹಾಗಿದ್ದರೆ ಕಟ್ಟಿಗೆಯದ್ದೇ ಕೆಲಸ. ಇದನ್ನು ಸರಿ ಮಾಡದೆ ಹೊಸ ಫ್ಯಾನ್ ಕೂಡಿಸಿದರೆ ಅದೂ ಹೋಗುತ್ತದೆ.

ಇನ್ನೊಂದು ಕಾರಣ ನೀರು. ಹಳ್ಳ ದಾಟುವಾಗ ಫ್ಯಾನ್ ತಿರುಗುತ್ತಿದ್ದರೆ ಪ್ಲಾಸ್ಟಿಕ್ ಬ್ಲೇಡ್ ನೀರನ್ನು ತಳ್ಳುತ್ತಾ ಬಾಗುತ್ತದೆ, ಬಾಗಿ ರೇಡಿಯೇಟರಿಗೆ ಹೊಡೆಯುತ್ತದೆ. ಎರೆ ಮಣ್ಣಂತೂ ಇನ್ನೂ ಕೆಟ್ಟದ್ದು. ಹಸಿ ಇದ್ದಾಗ ಬ್ಲೇಡಿಗೂ ಕವರಿಗೂ ನಡುವೆ ಮೆತ್ತಿಕೊಳ್ಳುತ್ತದೆ, ರಾತ್ರಿ ಒಣಗಿ ಕಲ್ಲಾಗುತ್ತದೆ, ಮರುದಿನ ಫ್ಯಾನ್ ತಿರುಗಲು ಹೋದಾಗ ಇಲ್ಲ ಬ್ಲೇಡ್ ಮುರಿಯುತ್ತದೆ ಇಲ್ಲ ಫ್ಯೂಸ್ ಹಾರುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಒಂದು ಕಡ್ಡಿಯಿಂದ ಬ್ಲೇಡ್ ತಿರುಗಿಸಿ ನೋಡುವುದು ಒಳ್ಳೆಯದು. ಕಡ್ಡಿಯಿಂದ, ಬೆರಳಿನಿಂದ ಅಲ್ಲ. ಎಷ್ಟೋ ಗಾಡಿಗಳಲ್ಲಿ ಎಂಜಿನ್ ಬಿಸಿ ಇದ್ದರೆ ಚಾವಿ ತೆಗೆದ ಮೇಲೂ ಫ್ಯಾನ್ ತಾನೇ ಚಾಲೂ ಆಗುತ್ತದೆ.

ಬಿಚ್ಚುವ ಕೆಲಸ ಕಷ್ಟ ಏನಿಲ್ಲ. ಬ್ಯಾಟರಿಯ ಮೈನಸ್ ತೆಗೆಯಿರಿ, ಎಂಜಿನ್ ಪೂರ್ತಿ ಆರಲಿ. ರೇಡಿಯೇಟರ್ ಕ್ಯಾಪಿಗೆ ಬಿಸಿ ಇದ್ದಾಗ ಕೈ ಹಚ್ಚಲೇಬೇಡಿ, ಒಳಗೆ ಪ್ರೆಶರ್ ಇರುವುದರಿಂದ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ಕ್ಯಾಪ್ ತೆಗೆದ ಕೂಡಲೇ ಕುದಿದು ಮುಖಕ್ಕೆ ಹಾರುತ್ತದೆ. ಹೆಚ್ಚಿನ ಯುಟಿವಿಗಳಲ್ಲಿ ರೇಡಿಯೇಟರ್ ಮುಂದೆ ಇರುತ್ತದೆ, ಫ್ಯಾನ್ ಅದರ ಹಿಂದೆ ಕವರ್ ಸಮೇತ ಮೂರ್ನಾಲ್ಕು ಬೋಲ್ಟಿನಲ್ಲಿ ಕೂತಿರುತ್ತದೆ. ಜಾಗ ಸಿಕ್ಕರೆ ಕೂಲಂಟ್ ಇಳಿಸದೇ ಫ್ಯಾನ್ ಹೊರಗೆ ಬರುತ್ತದೆ. ಬಾರದಿದ್ದರೆ ಜಗ್ಗಬೇಡಿ, ರೇಡಿಯೇಟರಿನ ಮೇಲಿನ ಬೋಲ್ಟ್ ಸಡಿಲ ಮಾಡಿ ಮುಂದಕ್ಕೆ ವಾಲಿಸಿ. ಬಿಚ್ಚುವ ಮುಂಚೆ ವೈರ್ ಯಾವ ಕಡೆಯಿಂದ ಬಂದಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಹೊರಗೆ ಬಂದ ಮೇಲೆ ಮೋಟಾರ್ ಪರೀಕ್ಷೆ ಮಾಡಿ. ಕೈಯಲ್ಲಿ ತಿರುಗಿಸಿದರೆ ಹಗುರವಾಗಿ ತಿರುಗಬೇಕು, ಕರಕರ ಅನ್ನಬಾರದು. ಶಾಫ್ಟ್ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿದರೆ ಆಟ ಇರಬಾರದು. ಆಮೇಲೆ ಫ್ಯೂಸ್ ಇರುವ ವೈರಿನಿಂದ ಬ್ಯಾಟರಿಗೆ ಕೊಟ್ಟು ನೋಡಿ. ಮುರಿದ ಬ್ಲೇಡ್ ಇಟ್ಟುಕೊಂಡು ಕೊಡಬೇಡಿ, ಬ್ಲೇಡ್ ಬಿಚ್ಚಿ ಬರೀ ಮೋಟಾರ್ ತಿರುಗಿಸಿ. ಬ್ಲೇಡ್ ಕೆಲವದರಲ್ಲಿ ಕ್ಲಿಪ್ಪಿನಲ್ಲಿ, ಕೆಲವದರಲ್ಲಿ ನಟ್ಟಿನಲ್ಲಿ ಇರುತ್ತದೆ. ಆ ನಟ್ ಉಲ್ಟಾ ಥ್ರೆಡ್ ಇರುವ ಸಾಧ್ಯತೆ ಇದೆ, ಬಿಗಿ ಅನಿಸಿದರೆ ಜೋರು ಮಾಡುವ ಮುಂಚೆ ಇನ್ನೊಂದು ದಿಕ್ಕಿಗೆ ತಿರುಗಿಸಿ ನೋಡಿ. ಮೋಟಾರ್ ಚೆನ್ನಾಗಿದ್ದರೆ ಬ್ಲೇಡ್ ಮಾತ್ರ ಸಿಗುತ್ತದಾ ಅಂತ ಕೇಳಿ, ಆದರೆ ಜಾಸ್ತಿ ಕಂಪನಿಗಳು ಮೋಟಾರ್, ಬ್ಲೇಡ್, ಕವರ್ ಮೂರೂ ಸೇರಿಸಿ ಒಂದೇ ಸೆಟ್ ಕೊಡುತ್ತವೆ. ಬುಶ್ ಹೋದ ಮೋಟಾರನ್ನು ವೈಂಡಿಂಗ್ ಅಂಗಡಿಗೆ ಕೊಟ್ಟು ರಿಪೇರಿ ಮಾಡಿಸುವುದು ನನ್ನ ಪ್ರಕಾರ ವ್ಯರ್ಥ. ಇವು ಸೀಲ್ ಆದ ಮೋಟಾರು, ಒಮ್ಮೆ ಬಿಚ್ಚಿದರೆ ನೀರು, ಧೂಳು ತಡೆಯುವ ಶಕ್ತಿ ಹೋಗುತ್ತದೆ, ನಮ್ಮ ಧೂಳಿಗಂತೂ ಒಂದು ಹಂಗಾಮೂ ಬಾಳುವುದಿಲ್ಲ.

ಫ್ಯಾನ್ ಹೊರಗೆ ಇರುವಾಗಲೇ ರೇಡಿಯೇಟರ್ ನೋಡಿಕೊಳ್ಳಿ, ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಫಿನ್ ಮಡಚಿದ್ದರೆ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ನಿಧಾನವಾಗಿ ಎಬ್ಬಿಸಿ, ಒಂದೊಂದು ಫಿನ್ ಆಗಿ. ಫಿನ್ ನಡುವೆ ಅಡ್ಡ ಹೋಗುವ ಚಪ್ಪಟೆ ಕೊಳವೆಗಳಿಗೆ ಮಾತ್ರ ತಾಗಿಸಬೇಡಿ. ಬಹಳ ತೆಳು, ತೂತು ಬಿದ್ದರೆ ಕೆಲಸ ದೊಡ್ಡದಾಗುತ್ತದೆ. ಕೊಳವೆಗೆ ಬ್ಲೇಡ್ ತಾಗಿದ ಕಡೆ ಹಸಿ ಇದೆಯಾ, ಬಣ್ಣದ ಕಲೆ ಇದೆಯಾ ಅಂತ ಬೆಳಕು ಹಿಡಿದು ನೋಡಿ. ಸಂಶಯ ಇದ್ದರೆ ರೇಡಿಯೇಟರ್ ಕೆಲಸದವರ ಹತ್ತಿರ ಒಯ್ದು ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ನೋಡಿಸಿ. ಸೋರಿಕೆ ಇದ್ದರೆ, ಅಲ್ಯೂಮಿನಿಯಂ ಅಂದರೆ ಆರ್ಗಾನ್ ವೆಲ್ಡಿಂಗ್ ಬೇಕು, ತಾಮ್ರ ಹಿತ್ತಾಳೆಯದ್ದಾದರೆ ಬೆಸುಗೆ ನಡೆಯುತ್ತದೆ. ಆರ್ಗಾನ್ ಕೆಲಸಕ್ಕೆ ನಿಮ್ಮ ಹತ್ತಿರ ಯಾರೂ ಸಿಗದಿದ್ದರೆ ಬೆಳಗಾವಿಯ ಉದ್ಯಮಬಾಗ ಕಡೆ ವಿಚಾರಿಸಿ, ಅಲ್ಲಿ ಫೌಂಡ್ರಿ, ಮಷಿನ್ ಶಾಪ್ ತುಂಬಾ ಇವೆ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವವರು ಇದ್ದಾರೆ, ಸಣ್ಣ ಸೋರಿಕೆ ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಅದು ಮನೆ ಮುಟ್ಟುವ ಉಪಾಯ ಅಷ್ಟೇ, ಮುಟ್ಟಿದ ಮೇಲೆ ಪೂರ್ತಿ ತೊಳೆಯಬೇಕು, ಇಲ್ಲದಿದ್ದರೆ ಅದೇ ಪುಡಿ ಕೊಳವೆ ಕಟ್ಟುತ್ತದೆ.

ತೊಳೆಯುವಾಗ ನೀರು ಫ್ಯಾನ್ ಇದ್ದ ಕಡೆಯಿಂದ ಮುಂದಕ್ಕೆ ಬಿಡಿ, ಕಸ ಬಂದ ದಾರಿಯಲ್ಲೇ ಹೊರಗೆ ಹೋಗಬೇಕು. ಬರೀ ಪೈಪಿನ ನೀರು ಸಾಕು. ಸರ್ವಿಸ್ ಸ್ಟೇಷನ್ ಗನ್ ಹತ್ತಿರ ಹಿಡಿದರೆ ಫಿನ್ ಎಲ್ಲ ಮಲಗಿಬಿಡುತ್ತವೆ. ನನ್ನಂತೆ ದ್ರಾಕ್ಷಿಗೆ ಗಂಧಕ, ಬೋರ್ಡೋ ದ್ರಾವಣ ಹೊಡೆಯುವವರ ಗಾಡಿಯಲ್ಲಿ ಫಿನ್ ಮೇಲೆ ಅಂಟು ಪದರ ಕೂತಿರುತ್ತದೆ, ಅದಕ್ಕೆ ಸೋಪಿನ ನೀರು ಹಾಕಿ ಸ್ವಲ್ಪ ಹೊತ್ತು ನೆನೆಯಲು ಬಿಡಿ.

ಒರಿಜಿನಲ್ ಫ್ಯಾನ್ ತರಿಸಲು ತಡ ಆಗುತ್ತದೆ, ಬೆಲೆನೂ ಜಾಸ್ತಿ, ನನಗೆ ಗೊತ್ತು. ಹೊರಗಿನ ಫ್ಯಾನ್ ಹಾಕುವುದು ತಪ್ಪಲ್ಲ. ಮಾರುತಿ 800ರಂಥ ಸಣ್ಣ ಕಾರಿನ ಫ್ಯಾನ್ ಹೊಂದಿಸುವವರು ಇದ್ದಾರೆ, 10 ಇಂಚು, 12 ಇಂಚಿನ ಯೂನಿವರ್ಸಲ್ ಫ್ಯಾನೂ ಬರುತ್ತವೆ. ಆದರೆ ಅಳತೆ ನೋಡಿ ತನ್ನಿ. ಬ್ಲೇಡಿನ ಅಗಲ, ಮೋಟಾರ್ ಎಷ್ಟು ಹಿಂದಕ್ಕೆ ಚಾಚಿದೆ, ಬೋಲ್ಟ್ ತೂತುಗಳ ಅಂತರ, ಗಾಳಿ ಎಳೆಯುವ ಫ್ಯಾನಾ ತಳ್ಳುವ ಫ್ಯಾನಾ, ಎಷ್ಟು ಆಂಪಿಯರ್. ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಕಾರಿನ ಆಲ್ಟರ್ನೇಟರ್ ಕೊಡುವಷ್ಟು ಕರೆಂಟ್ ನಮ್ಮ ಗಾಡಿಯ ಚಾರ್ಜಿಂಗ್ ಕೊಡುವುದಿಲ್ಲ, ಅದರಲ್ಲೂ ನಿಧಾನ ಓಡಿಸುವಾಗ. ದೊಡ್ಡ ಫ್ಯಾನ್ ಹಾಕಿದರೆ ಗಾಡಿ ತಂಪಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಹಳೆಯ ಫ್ಯಾನಿನ ಆಂಪಿಯರ್‌ಗೆ ಹತ್ತಿರ ಇರುವುದನ್ನೇ ತಗೊಳ್ಳಿ. ಇನ್ನೊಂದು, ಯೂನಿವರ್ಸಲ್ ಫ್ಯಾನ್ ಜೊತೆ ಫಿನ್ ಒಳಗಿಂದ ಚುಚ್ಚಿ ಬಿಗಿಯುವ ಪ್ಲಾಸ್ಟಿಕ್ ಕಡ್ಡಿ ಕೊಡುತ್ತಾರೆ. ಹೊಲದ ಗಾಡಿಗೆ ಅದು ಬೇಡವೇ ಬೇಡ, ಕುಲುಕಾಟಕ್ಕೆ ಉಜ್ಜಿ ಉಜ್ಜಿ ಕೊಳವೆ ತೂತಾಗುತ್ತದೆ. ಪಟ್ಟಿಯಿಂದ ಬ್ರಾಕೆಟ್ ಮಾಡಿಸಿ ಚೌಕಟ್ಟಿಗೆ ಬೋಲ್ಟ್ ಹಾಕಿ, ನಡುವೆ ರಬ್ಬರ್ ಇಡಿ. ಕವರ್ ಒಡೆದಿದ್ದರೆ ಅದನ್ನೂ ಬಿಡಬೇಡಿ. ಕವರ್ ಇಲ್ಲದ ಫ್ಯಾನ್ ತನ್ನ ಎದುರಿನ ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳು ಹಾಗೇ ಬಿಸಿ ಉಳಿಯುತ್ತವೆ.

ಕೂಡಿಸಿದ ಮೇಲೆ ಗಾಳಿಯ ದಿಕ್ಕು ನೋಡಲೇಬೇಕು. ರೇಡಿಯೇಟರ್ ಮುಂದೆ ಒಂದು ತೆಳು ಕಾಗದ ಹಿಡಿಯಿರಿ. ಫ್ಯಾನ್ ಹಿಂದೆ ಇರುವ ಗಾಡಿಯಲ್ಲಿ ಕಾಗದ ರೇಡಿಯೇಟರಿಗೆ ಅಂಟಿಕೊಳ್ಳಬೇಕು. ಹೊರಗೆ ಹಾರಿದರೆ ಪ್ಲಸ್ ಮೈನಸ್ ಅದಲು ಬದಲು ಆಗಿದೆ, ಫ್ಯಾನ್ ಉಲ್ಟಾ ತಿರುಗುತ್ತಿದೆ. ಹೊಸ ಫ್ಯಾನ್ ಹಾಕಿದರೂ ಗಾಡಿ ಕಾಯುತ್ತದೆ ಅನ್ನುವವರಲ್ಲಿ ಕೆಲವರದ್ದು ಇದೇ ತೊಂದರೆ.

ವೈರಿಂಗ್ ಬಗ್ಗೆ. ನೇರ ಸ್ವಿಚ್ ಕೊಡಿ ಅಂದವರ ಮಾತು ಪೂರ್ತಿ ತಪ್ಪಲ್ಲ, ಬಿಸಿ ನೋಡಿ ಫ್ಯಾನ್ ಚಾಲೂ ಮಾಡುವ ಸೆನ್ಸರ್ ಹೋದಾಗ ತಾತ್ಕಾಲಿಕವಾಗಿ ನಡೆಯುತ್ತದೆ. ಫ್ಯಾನ್ ಸದಾ ತಿರುಗಿದರೂ ಎಂಜಿನ್ ಅತಿ ತಣ್ಣಗಾಗಲು ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲಂಟಿನ ದಾರಿ ತೆರೆದು ಮುಚ್ಚುವ ವಾಲ್ವ್) ಬಿಡುವುದಿಲ್ಲ. ಆದರೆ ನಿಮ್ಮ ಸೆನ್ಸರ್ ಚೆನ್ನಾಗಿಯೇ ಇದೆ, ಫ್ಯಾನ್ ತಾನೇ ಚಾಲೂ ಆಗುತ್ತಿದೆ, ಹಾಗಿದ್ದಾಗ ಅದನ್ನು ಯಾಕೆ ಕೆಡಿಸುವುದು? ಆಳು ಮಗ ಗಾಡಿ ಒಯ್ದಾಗ ಸ್ವಿಚ್ ಹಾಕಲು ಮರೆತರೆ ಎಂಜಿನ್ ಹೋಯಿತು. ಹಾಕಲೇಬೇಕಾದರೆ ರಿಲೇ ಮತ್ತು ಫ್ಯೂಸ್ ಸೇರಿಸಿ ಹಾಕಿ, ವೈರ್ 2.5 ಚದರ ಮಿಲಿಮೀಟರಿಗೆ ಕಡಿಮೆ ಬೇಡ. ಮನೆಯ ಲೈಟಿನ ಸ್ವಿಚ್ ಬಳಸಬೇಡಿ, ಫ್ಯಾನಿನ ಡಿಸಿ ಕರೆಂಟಿಗೆ ಅದರ ಪಾಯಿಂಟ್ ಸುಟ್ಟು ಹೋಗುತ್ತದೆ. ಕಪ್ಲರ್ ಒಳಗೆ ಹಸಿರು ಕಿಲುಬು ಇದ್ದರೆ ಸ್ವಚ್ಛ ಮಾಡಿ. ಫ್ಯಾನ್ ತಿರುಗುವಾಗ ಕಪ್ಲರ್ ಹತ್ತಿರ ಮತ್ತು ಬ್ಯಾಟರಿ ಮೇಲೆ ವೋಲ್ಟೇಜ್ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಎಲ್ಲೋ ವೈರ್ ಇಲ್ಲ ಅರ್ಥ್ ಕೆಟ್ಟಿದೆ. ಕೆಲವು ಗಾಡಿಗಳಲ್ಲಿ ಫ್ಯೂಸ್ ಬದಲು ತಾನೇ ಕೂಡಿಕೊಳ್ಳುವ ಬ್ರೇಕರ್ ಇರುತ್ತದೆ. ಫ್ಯಾನ್ ನಡುನಡುವೆ ನಿಂತು ಮತ್ತೆ ತಿರುಗಿದರೆ ಸೆನ್ಸರ್ ಮೇಲೆ ಹಾಕಬೇಡಿ, ಮೋಟಾರ್ ಬಿಗಿಯಾಗಿ ಜಾಸ್ತಿ ಕರೆಂಟ್ ಎಳೆಯುತ್ತಿರಬಹುದು.

ಕೂಲಂಟ್ ಇಳಿಸಿದ್ದರೆ ತುಂಬುವಾಗ ಬೋರಿನ ನೀರು ಬೇಡ. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಯಲ್ಲಿ ಸವಳು ನೀರು ಎಷ್ಟು ಕಡೆ ಇದೆ ಅಂತ ನಿಮಗೇ ಗೊತ್ತು, ಒಳಗೆ ಬಿಳಿ ಪದರ ಕಟ್ಟುತ್ತದೆ. ರೆಡಿಮಿಕ್ಸ್ ಕೂಲಂಟ್ ಹಾಕಿ, ಇಲ್ಲ ನೀರು ಬೆರೆಸದ ಕಾನ್ಸಂಟ್ರೇಟ್ ಕೂಲಂಟಿಗೆ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಅರ್ಧಕ್ಕರ್ಧ ಸೇರಿಸಿ. ಗಾಡಿಯ ಮುಂದಿನ ಗಾಲಿ ಎತ್ತರಕ್ಕೆ ಹತ್ತಿಸಿ, ತಣ್ಣಗಿನ ಎಂಜಿನ್‌ನಲ್ಲೇ ಕ್ಯಾಪ್ ತೆಗೆದು ಚಾಲೂ ಮಾಡಿ, ಹೋಸ್ ಪೈಪ್ ಮೆಲ್ಲಗೆ ಹಿಚುಕುತ್ತಾ ಗುಳ್ಳೆ ಹೋಗುವ ತನಕ ತುಂಬಿ. ಗುಳ್ಳೆ ನಿಂತ ಕೂಡಲೇ ಕ್ಯಾಪ್ ಹಾಕಿ, ಕಾಯುವ ತನಕ ಬಿಡಬೇಡಿ. ಗಾಳಿ ಉಳಿದರೆ ಫ್ಯಾನ್ ಎಷ್ಟು ಚೆನ್ನಾಗಿದ್ದರೂ ಲೈಟ್ ಬರುತ್ತದೆ.

ಕೊನೆಗೆ ರವದಿ. ಸೊಳ್ಳೆ ಜಾಲರಿ ಕಟ್ಟುವವರನ್ನು ನೋಡಿದ್ದೇನೆ, ಅದು ಗಾಳಿಯನ್ನೇ ತಡೆಯುತ್ತದೆ, ಒಂದು ಸುತ್ತಿಗೆ ಕಸದಿಂದ ಮುಚ್ಚಿಹೋಗುತ್ತದೆ. ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ತಗೊಂಡು, ಕೈಯಲ್ಲೇ ಬಿಚ್ಚುವ ಹಾಗೆ ಮುಂದೆ ಕೂಡಿಸಿ, ಸುತ್ತು ಮುಗಿದಾಗೆಲ್ಲ ಝಾಡಿಸಿ. ಕೆಳಗಿನ ಸಂದಿಗೆ ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಜೋತುಬಿಡಿ, ಕಟ್ಟಿಗೆ ಮೇಲೆ ಏಳುವುದಿಲ್ಲ. ಹಾಗೇ ಸೈಲೆನ್ಸರ್ ಆರಿದ ಮೇಲೆ ಬಗ್ಗಿ ಅದರ ಸುತ್ತಲೂ ಕೈಯಾಡಿಸಿ, ಒಣ ರವದಿ ಅಲ್ಲಿ ಸಿಕ್ಕಿಕೊಂಡರೆ ಗಾಡಿಗೆ ಬೆಂಕಿ ಹತ್ತುತ್ತದೆ, ಇದನ್ನು ಯಾರೂ ಹಗುರವಾಗಿ ತಗೋಬೇಡಿ.

ಅಣ್ಣಾ, ಫ್ಯಾನ್ ಬಿಚ್ಚಿದ ಮೇಲೆ ಬ್ಲೇಡಿನ ಅಗಲ, ಬೋಲ್ಟ್ ಅಂತರ, ಮೋಟಾರ್ ಮೇಲೆ ಬರೆದ ನಂಬರ್ ಮತ್ತು ಕಪ್ಲರ್ ಫೋಟೋ ಇಲ್ಲೇ ಹಾಕಿ. ಫಿನ್ ಮೇಲಿನ ಗುರುತು ಹತ್ತಿರದಿಂದ ಒಂದು ಫೋಟೋ ಬೇಕು, ಈಗಿನದ್ದರಲ್ಲಿ ಮಸುಕಾಗಿದೆ. ಯಾವ ಫ್ಯಾನ್ ಕೂಡುತ್ತದೆ ಅಂತ ನೋಡಿ ಹೇಳುತ್ತೇನೆ.