ಪಶ್ಚಿಮದ ಗೋಡೆಗೆ ಹೊಂಗೆ ನೆಡಿ

ಬೆಂಗಳೂರಿನಲ್ಲಿ ನಿಮ್ಮ ಮನೆಯ ಪಶ್ಚಿಮದ ಗೋಡೆ ರಾತ್ರಿ ಹತ್ತಾದರೂ ಬಿಸಿ ಇರುತ್ತದೆ, ಅಲ್ಲಿ ಮರ ನೆಟ್ಟರೆ ಎಸಿ ಖರ್ಚು ಇಳಿಯುತ್ತದಾ ಅಂತ ಕೇಳಿದ್ದೀರಿ. ಖಂಡಿತ ಇಳಿಯುತ್ತದೆ, ಜಾಗ ನೋಡಿ ನೆಟ್ಟರೆ.

ಏಪ್ರಿಲ್‌ನಲ್ಲಿ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಆಗ ಕಾಯುವುದು ತಾರಸಿ. ಗೋಡೆ ಕಾಯುವುದು ಮೂರು ಗಂಟೆಯ ನಂತರದ ಓರೆ ಬಿಸಿಲಿಗೆ. ಅದನ್ನು ಹೊರಗೇ ತಡೆಯಬೇಕು. ಕಿಟಕಿಗೆ ಒಳಗಿನಿಂದ ಪರದೆ ಎಳೆಯುವಷ್ಟರಲ್ಲಿ ಶಾಖ ಗಾಜು ದಾಟಿರುತ್ತದೆ, ಅಲ್ವಾ?

ನೆರಳಷ್ಟೇ ಅಲ್ಲ. ಎಲೆಗಳಿಂದ ನೂರು ಲೀಟರ್ ನೀರು ಆವಿಯಾಗಲು ಸುಮಾರು 68 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಆ ಶಾಖ ಎಲೆ ಮತ್ತು ಸುತ್ತಲಿನ ಗಾಳಿಯಿಂದಲೇ ಹೋಗುವುದರಿಂದ ಅಲ್ಲಿ ತಂಪಾಗುತ್ತದೆ. ಆದರೆ ಆ ತಂಪನ್ನು ಗಾಳಿ ಹೊತ್ತೊಯ್ಯುತ್ತದೆ. ಹಾಗಾಗಿ ಬೀದಿ ತುಂಬ ಮರಗಳಿದ್ದರೆ ಲಾಭ ಜಾಸ್ತಿ. ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮರಗಳಿದ್ದ ಕಡೆ ಮಧ್ಯಾಹ್ನದ ಗಾಳಿಯ ತಾಪ 5.6 ಡಿಗ್ರಿವರೆಗೂ ಕಡಿಮೆ ಇತ್ತು. ರಸ್ತೆಯ ಮೈ 27.5 ಡಿಗ್ರಿವರೆಗೂ ತಂಪಾಗಿತ್ತು! ರಸ್ತೆ ಅಗಲಿಸಲು ಸಾಲುಮರ ಕಡಿಯುವಾಗ ಹೊಟ್ಟೆ ಉರಿಯುವುದು ಇದಕ್ಕೇ.

ನನ್ನ ಆಯ್ಕೆ ಹೊಂಗೆ. ಚಳಿ ಮುಗಿಯುವಾಗ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಮಿರಮಿರ ಮಿಂಚುವ ಚಿಗುರು ಹೊದೆಯುತ್ತದೆ. ನೆರಳು ದಟ್ಟ. ಗೋಡೆಯಿಂದ ಹದಿನೈದು ಅಡಿಯಾದರೂ ಬಿಡಿ, ಸಂಪಿನ ಹತ್ತಿರ ಬೇಡ. ಗುಲ್‌ಮೊಹರ್ ಸುಮ್ನೆ ಬೇಡ, ಮಳೆಗಾಳಿಗೆ ಕೊಂಬೆ ಮುರಿಯುತ್ತದೆ. ಗಿಡ ಎತ್ತರವಾಗುವವರೆಗೆ ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಕಟ್ಟಿ.