ಸರ್ಕಾರ ಮಾಡಿದರೆ ಅದು ಭಯೋತ್ಪಾದನೆ ಅಲ್ಲವೇ?

'ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯ ರೇನ್‌ಬೋ ವಾರಿಯರ್ ಹಡಗನ್ನು ಮುಳುಗಿಸಿದವರ ಮೇಲೆ ಭಯೋತ್ಪಾದನೆಯ ಆರೋಪವೇ ಏಕೆ ಬರಲಿಲ್ಲ?' ಎಂದು ಕೇಳಿದ್ದೀರಿ. ಆರೋಪ ಬಂತು, ಆದರೆ ನ್ಯಾಯಾಲಯದಲ್ಲಲ್ಲ, ರಾಜಕಾರಣದಲ್ಲಿ. ನ್ಯೂಜಿಲೆಂಡಿನ ಪ್ರಧಾನಿ ಡೇವಿಡ್ ಲಾಂಗಿ ಆ ಪದವನ್ನೇ ಬಳಸಿದ್ದರು.

1985ರ ಜುಲೈ 10ರ ರಾತ್ರಿ ಆಕ್ಲೆಂಡ್ ಬಂದರಿನಲ್ಲಿ ಎರಡು ಬಾಂಬು ಸಿಡಿದವು. ಮೊದಲನೆಯದಕ್ಕೆ ಎಲ್ಲರೂ ಹೊರಗೋಡಿದರು. ಛಾಯಾಗ್ರಾಹಕ ಫೆರ್ನಾಂಡೊ ಪೆರೇರಾ ಮಾತ್ರ ಕ್ಯಾಮೆರಾ ತರಲು ಕೆಳಗಿಳಿದರೆಂದು ಹೇಳುತ್ತಾರೆ; ಎರಡನೆಯದು ಸಿಡಿದಾಗ ಮುಳುಗಿ ಸತ್ತರು. ಪೆಸಿಫಿಕ್ ಸಾಗರದ ಮೊರುರೋವಾ ದ್ವೀಪದಲ್ಲಿ ಫ್ರಾನ್ಸ್ ನಡೆಸುತ್ತಿದ್ದ ಅಣುಪರೀಕ್ಷೆಯ ವಿರುದ್ಧ ಹೊರಡಲಿದ್ದ ಹಡಗದು.

ದಂಪತಿಯ ಸೋಗಿನಲ್ಲಿ, ಸ್ವಿಸ್ ಪಾಸ್‌ಪೋರ್ಟ್ ಹಿಡಿದಿದ್ದ ಇಬ್ಬರು ಫ್ರೆಂಚ್ ಗೂಢಚಾರರು ಸಿಕ್ಕಿಬಿದ್ದರು. ಕೊಲೆ ಆರೋಪ ನರಹತ್ಯೆಗೆ ಇಳಿಯಿತು, ತಪ್ಪೊಪ್ಪಿಕೊಂಡರು, ಹತ್ತು ವರ್ಷ ಶಿಕ್ಷೆಯಾಯಿತು. ತಪ್ಪೊಪ್ಪಿಕೊಂಡಿದ್ದರಿಂದ ಪೂರ್ಣ ವಿಚಾರಣೆಯೇ ನಡೆಯಲಿಲ್ಲ. ಆದೇಶ ಕೊಟ್ಟವರು ಯಾರೆಂಬ ಪ್ರಶ್ನೆ ಕಟಕಟೆ ಹತ್ತಲೇ ಇಲ್ಲ.

ಫ್ರಾನ್ಸ್ ಮೊದಲು ಎಲ್ಲವನ್ನೂ ಅಲ್ಲಗಳೆದು, ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ರಕ್ಷಣಾ ಸಚಿವ ಶಾರ್ಲ್ ಎರ್ನು ರಾಜೀನಾಮೆ ಕೊಟ್ಟರು. 1986ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ತೀರ್ಪಿನಂತೆ 70 ಲಕ್ಷ ಡಾಲರ್ ಪರಿಹಾರ ಮತ್ತು ಕ್ಷಮಾಪಣೆ. ಕೈದಿಗಳಿಗೆ ಹಾವೋ ದ್ವೀಪದ ಫ್ರೆಂಚ್ ಸೇನಾನೆಲೆಯಲ್ಲಿ ಮೂರು ವರ್ಷ. (ತೆಂಗಿನ ಮರಗಳ ನಡುವಿನ ಸೆರೆವಾಸ!) ಅದನ್ನೂ ಪೂರೈಸದೆ ಇಬ್ಬರೂ ಪ್ಯಾರಿಸಿಗೆ ಮರಳಿದರು. ಹಡಗು ಮುಳುಗಿಸಲು ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಒಪ್ಪಿಗೆಯಿತ್ತೆಂದು ಅಂದಿನ ಬೇಹುಗಾರಿಕಾ ಮುಖ್ಯಸ್ಥ ಬರೆದಿದ್ದ ಟಿಪ್ಪಣಿ 2005ರಲ್ಲಿ ಹೊರಬಂತು. ಅಷ್ಟರಲ್ಲಿ ಮಿತ್ತೆರಾಂ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.